ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ಮಾರ್ಮೊಸೆಟ್‌ನ ರಕ್ತ, ಕೋತಿಯ ಮಲೇರಿಯಾ, ಕಾಡುಪಾಪ

ಹಿಂದಿನ ಸಂಚಿಕೆಯಲ್ಲಿ, ಟ್ರಿಪನೊಸೋಮ್ ಎಂಬ ರಕ್ತದ ಏಕಕೋಶ ಪರೋಪಜೀವಿಯಿಂದ ಹಸು, ಎಮ್ಮೆಗಳಿಗೆ ಬರುವ ಸರ್ರಾ ರೋಗದ ಬಗ್ಗೆ ಬರೆದಿದ್ದೆ. ಅದನ್ನು ಓದಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದು ಪತ್ರಗಳು ದನಗಳನ್ನು ಬಿಟ್ಟು ಕೋತಿಗಳ ವಿಷಯ ಎತ್ತಿವೆ. ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಮ್ಮ ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಒಂದು ಜೋಡಿ ಮಾರ್ಮೊಸೆಟ್ ಕೋತಿಗಳನ್ನು ತಂದು ಸಾಕುತ್ತಿದ್ದಾನೆ. ಗಂಡು ಹದಿನೈದು ದಿನದಿಂದ ಮಂಕಾಗಿದೆ, ಸರಿಯಾಗಿ ತಿನ್ನುತ್ತಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಖಾಸಗಿ ಲ್ಯಾಬ್‌ನವರು ‘ಟ್ರಿಪನೊಸೋಮ್ ಕಂಡಿದೆ, ಸರ್ರಾ ಇರಬಹುದು’ ಎಂದು ಬರೆದುಕೊಟ್ಟಿದ್ದಾರೆ. ದನಕ್ಕೆ ಕೊಡುವ ಸರ್ರಾ ಇಂಜೆಕ್ಷನ್ನನ್ನೇ ಕಡಿಮೆ ಪ್ರಮಾಣದಲ್ಲಿ ಕೊಡಿಸಬಹುದೇ? ಮನೆಯಲ್ಲಿ ಎಂಟು ತಿಂಗಳ ಮಗುವಿದೆ, ಅದಕ್ಕೆ ಅಪಾಯವಿದೆಯೇ? (ಚಿಂತಾಮಣಿಯ ಓದುಗರು)

ಉತ್ತರ: ಮೊದಲು ಇಂಜೆಕ್ಷನ್ನಿನ ಮಾತು. ಈಗಲೇ ಕೊಡಿಸಬೇಡಿ. ಸರ್ರಾಕ್ಕೆ ಬಳಸುವ ಔಷಧಗಳಲ್ಲಿ ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಹೆಚ್ಚು ಅಂತರವಿರುವುದಿಲ್ಲ. ಅವುಗಳಲ್ಲೊಂದಾದ ಡೈಮಿನಜೀನ್‌ನ ಪ್ರಮಾಣ ಮೀರಿ ನಾಯಿಗಳ ಮಿದುಳಿಗೆ ಪೆಟ್ಟಾಗುವುದನ್ನು ಪಶುವೈದ್ಯರೆಲ್ಲ ಬಲ್ಲರು. ನಾಲ್ಕು ಕ್ವಿಂಟಾಲ್ ತೂಗುವ ಎಮ್ಮೆಯ ಲೆಕ್ಕವನ್ನು ಮುನ್ನೂರೈವತ್ತು ಗ್ರಾಂ ತೂಗುವ ಜೀವಕ್ಕೆ ಅಂದಾಜಿನಲ್ಲಿ ಇಳಿಸುವುದು ತಕ್ಕಡಿಯಿಲ್ಲದೆ ಚಿನ್ನ ತೂಗಿದಂತೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಆ ಕೋತಿಯ ರಕ್ತದಲ್ಲಿ ಕಂಡದ್ದು ಸರ್ರಾದ ಜೀವಿಯೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಟ್ರಿಪನೊಸೋಮಾ ಎಂಬುದು ಒಂದೇ ಜೀವಿಯ ಹೆಸರಲ್ಲ, ಒಂದು ಕುಲದ ಹೆಸರು. ಮಾರ್ಮೊಸೆಟ್‌ನ ತವರು ಬ್ರೆಜಿಲ್. ಆ ನಾಡಿನ ಪುಟ್ಟ ಕೋತಿಗಳ ರಕ್ತದಲ್ಲಿ ಈ ಕುಲದ ಹಲವು ಜಾತಿಗಳು ಸಹಜವಾಗಿಯೇ ಇರುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಕೋತಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ನಿಮ್ಮ ಲ್ಯಾಬ್‌ನವರಿಗೆ ಬಂದಂಥದೇ ಗೊಂದಲ ನೂರಹದಿನೈದು ವರ್ಷಕ್ಕೂ ಹಿಂದೆ ಬಹಳ ದೊಡ್ಡ ವೈದ್ಯರೊಬ್ಬರಿಗೂ ಬಂದಿತ್ತು. ಕಾರ್ಲೋಸ್ ಚಾಗಸ್ ಎಂಬ ತರುಣ ವೈದ್ಯರನ್ನು ಬ್ರೆಜಿಲ್‌ನ ಮಿನಾಸ್ ಜೆರೈಸ್ ಪ್ರಾಂತ್ಯಕ್ಕೆ, ರೈಲುಮಾರ್ಗ ಹಾಕುತ್ತಿದ್ದ ಕೂಲಿಗಳಿಗೆ ಮಲೇರಿಯಾ ಹರಡದಂತೆ ನೋಡಿಕೊಳ್ಳಲು ಕಳಿಸಿದ್ದರು. ಅಲ್ಲಿನ ಒಂದು ಮಾರ್ಮೊಸೆಟ್‌ನ ರಕ್ತದಲ್ಲಿ 1908ರ ಸುಮಾರಿಗೆ ಅವರಿಗೆ ಒಂದು ಟ್ರಿಪನೊಸೋಮ್ ಕಂಡಿತು. ಪ್ರಾಂತ್ಯದ ಹೆಸರನ್ನೇ ಸೇರಿಸಿ ಅದನ್ನು ಟ್ರಿಪನೊಸೋಮಾ ಮಿನಾಸೆನ್ಸೆ ಎಂದು ಕರೆದರು. ಅದೇ ಊರುಗಳ ಮಣ್ಣಿನ ಗೋಡೆಯ ಸಂದಿಗಳಲ್ಲಿ, ನಮ್ಮ ತಿಗಣೆಯ ಸಂಬಂಧಿಯಾದರೂ ಅದಕ್ಕಿಂತ ಎಷ್ಟೋ ದೊಡ್ಡದಾದ ರಕ್ತ ಹೀರುವ ಕೀಟವೊಂದಿತ್ತು. ಮಲಗಿದವರ ಮುಖಕ್ಕೆ ಕಚ್ಚುವ ಅದನ್ನು ಅಲ್ಲಿನವರು ‘ಕ್ಷೌರಿಕ’ ಎಂದೇ ಕರೆಯುತ್ತಿದ್ದರು. ಆ ಕೀಟದ ಕರುಳನ್ನು ಬಿಡಿಸಿ ನೋಡಿದಾಗ ಅಲ್ಲಿಯೂ ಬಾಲ ಬಡಿಯುವ ಜೀವಿಗಳು ಕಂಡವು. ಇವು ಕೋತಿಯ ಮಿನಾಸೆನ್ಸೆಯದೇ ಇನ್ನೊಂದು ಅವಸ್ಥೆಯೋ, ಬೇರೆಯದೇ ಜೀವಿಯೋ?

ಸ್ಥಳೀಯ ಕೋತಿಗಳ ಮೇಲೆ ಪ್ರಯೋಗ ಮಾಡುವಂತಿರಲಿಲ್ಲ, ಏಕೆಂದರೆ ಅವುಗಳ ರಕ್ತದಲ್ಲಿ ಮಿನಾಸೆನ್ಸೆ ಮೊದಲೇ ಇದ್ದಿರಬಹುದು. ಆದ್ದರಿಂದ ಚಾಗಸ್ ಕೀಟಗಳನ್ನು ರಿಯೊ ಡಿ ಜನೈರೊದಲ್ಲಿದ್ದ ತಮ್ಮ ಗುರು ಓಸ್ವಾಲ್ಡೊ ಕ್ರೂಜ್ ಅವರಿಗೆ ಕಳಿಸಿದರು. ಸೋಂಕಿಲ್ಲದ ಮಾರ್ಮೊಸೆಟ್‌ಗಳಿಗೆ ಅವುಗಳಿಂದ ಕಚ್ಚಿಸಿದ ಕೆಲವು ವಾರಗಳಲ್ಲಿ ಕೋತಿಗಳು ಕಾಯಿಲೆ ಬಿದ್ದವು, ರಕ್ತದಲ್ಲಿ ಟ್ರಿಪನೊಸೋಮ್ ತುಂಬಿತು, ಆದರೆ ಅದರ ಆಕಾರ ಮಿನಾಸೆನ್ಸೆಯದಾಗಿರಲಿಲ್ಲ. ಗುರುವಿನ ಹೆಸರಿನಲ್ಲಿ ಅದಕ್ಕೆ ಟ್ರಿಪನೊಸೋಮಾ ಕ್ರೂಜೈ ಎಂದು ಹೆಸರಿಟ್ಟರು. 1909ರಲ್ಲಿ ಅದೇ ಜೀವಿ ಒಂದು ಹೆಣ್ಣುಮಗುವಿನ ರಕ್ತದಲ್ಲಿ ಸಿಕ್ಕಿತು. ಮನುಷ್ಯರ ಹೃದಯವನ್ನು ಕೆಡಿಸುವ ಚಾಗಸ್ ಕಾಯಿಲೆ ಹೀಗೆ ಲೋಕಕ್ಕೆ ತಿಳಿಯಿತು. ಒಂದೇ ಜಾತಿಯ ಕೋತಿಯ ರಕ್ತದಲ್ಲಿ ಎರಡು ಟ್ರಿಪನೊಸೋಮ್‌ಗಳು: ಒಂದು ನಿರುಪದ್ರವಿ, ಇನ್ನೊಂದು ಮಾರಕ.

ಇವನ್ನು ಬೇರ್ಪಡಿಸುವುದು ಹೇಗೆ ಎಂದರೆ, ಬಣ್ಣ ಹಾಕಿದ ಸ್ಲೈಡಿನಲ್ಲಿ ಜೀವಿಯ ಹಿಂತುದಿಯ ಬಳಿ ಕಾಣುವ ಕೈನೆಟೊಪ್ಲಾಸ್ಟ್ ಎಂಬ ಕಪ್ಪು ಚುಕ್ಕೆಯನ್ನು ನೋಡಬೇಕು. ಕ್ರೂಜೈ ಸುಮಾರು 20 ಮೈಕ್ರಾನ್ ಉದ್ದದ, ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿದ ಜೀವಿ; ಅದರ ಚುಕ್ಕೆ ತುದಿಯಲ್ಲೇ ಇದ್ದು, ಮೈಯಿಂದ ಹೊರಗೆ ಉಬ್ಬಿದಷ್ಟು ದಪ್ಪವಾಗಿರುತ್ತದೆ. ಮಿನಾಸೆನ್ಸೆ ಉದ್ದವಾಗಿ, ಅಗಲವಾಗಿರುತ್ತದೆ. ಚುಕ್ಕೆ ಚಿಕ್ಕದು, ತುದಿಯಿಂದ ಸಾಕಷ್ಟು ದೂರ. ಸರ್ರಾದ ಜೀವಿಯಾದ ಇವಾನ್ಸೈಯಲ್ಲಿ ಚುಕ್ಕೆ ತುದಿಯ ಹತ್ತಿರವೇ ಇದ್ದರೂ ಸಾಸಿವೆಯ ಚೂರಿನಷ್ಟು ಸಣ್ಣದು. ಆ ಸ್ಲೈಡನ್ನು ಲ್ಯಾಬ್‌ನಿಂದ ಕೇಳಿ ಪಡೆಯಿರಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಪರೋಪಜೀವಿ ವಿಭಾಗಕ್ಕೆ ತೋರಿಸಿ. ಜಾತಿಯನ್ನು ಖಚಿತಪಡಿಸಲು, ಜೀವಿಯ ಡಿಎನ್‌ಎಯನ್ನು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಬೇಕಾದೀತು.

ಇಷ್ಟು ಹೇಳಿದ ಮೇಲೆ ನಾನು ನಿಮ್ಮ ತಮ್ಮನವರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಕೋತಿಗಳು ಹುಟ್ಟಿದ್ದು ಎಲ್ಲಿ? ಕಾಡಿನಿಂದ ಹಿಡಿದು ತಂದ ಪ್ರಾಣಿಯಾದರೆ ತವರಿನ ಪರೋಪಜೀವಿಯನ್ನು ಹೊತ್ತು ತಂದಿರುವ ಸಾಧ್ಯತೆ ದೊಡ್ಡದು. ಇಲ್ಲೇ ಪಂಜರದಲ್ಲಿ ಹುಟ್ಟಿದ್ದಾದರೆ ದಕ್ಷಿಣ ಅಮೆರಿಕದ ಕೀಟದ ಸಂಪರ್ಕವೇ ಅದಕ್ಕೆ ಆಗಿರುವುದಿಲ್ಲ. ಕ್ರೂಜೈ ತಾಯಿಯಿಂದ ಗರ್ಭದ ಮರಿಗೆ ದಾಟಬಲ್ಲದು ಎಂಬುದೊಂದನ್ನು ಬಿಟ್ಟರೆ, ಆಗ ಅನುಮಾನ ನಮ್ಮ ಊರಿನ ಕಡೆಗೇ ತಿರುಗಬೇಕು. ದನದ ಕೊಟ್ಟಿಗೆ ಪಕ್ಕದಲ್ಲಿದ್ದರೆ ಕಚ್ಚುವ ದೊಡ್ಡ ನೊಣಗಳಿಂದ ಸರ್ರಾ ಬಂದಿರಬಹುದು. ನನಗಂತೂ ಅದಕ್ಕಿಂತ ಹೆಚ್ಚಿನ ಗುಮಾನಿ ಇಲಿಯ ಮೇಲೆ. ಇಲಿಗಳ ರಕ್ತದಲ್ಲಿ ಟ್ರಿಪನೊಸೋಮಾ ಲೆವಿಸೈ ಎಂಬ ಜೀವಿ ಎಲ್ಲೆಲ್ಲೂ ಇದೆ, ಅದನ್ನು ಹರಡುವುದು ಇಲಿಯ ಚಿಗಟ. ಬ್ರೆಜಿಲ್‌ನಲ್ಲೇ ಪಂಜರದಲ್ಲಿದ್ದ ಪುಟ್ಟ ಕೋತಿಗಳ ರಕ್ತದಲ್ಲಿ ಕಂಡ ಟ್ರಿಪನೊಸೋಮ್‌ಗಳನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ ಅವು ಕಾಡಿನವಲ್ಲ, ಇಲಿಗಳಿಂದ ದಾಟಿದವು ಎಂದು ಗೊತ್ತಾದದ್ದುಂಟು. ಕೋತಿ ಮೈಮೇಲಿನ ಹುಳುವನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುವ ಪ್ರಾಣಿಯಲ್ಲವೇ, ಸೋಂಕಿನ ಚಿಗಟ ಹೊಟ್ಟೆ ಸೇರಿದರೆ ಸಾಕು. ರಾತ್ರಿ ಪಂಜರದ ಕೆಳಗೆ ಚೆಲ್ಲಿದ ಹಣ್ಣಿನ ಚೂರಿಗೆ ಇಲಿ ಬರುತ್ತಿದೆಯೇ ಎಂದು ನೋಡಿ.

ಮಗುವಿನ ವಿಷಯ. ಮುಟ್ಟುವುದರಿಂದ, ಉಸಿರಿನಿಂದ ಇವು ಯಾವುವೂ ಹರಡುವುದಿಲ್ಲ. ಕ್ರೂಜೈಯನ್ನು ಮನೆಮನೆಗೆ ಹರಡುವಷ್ಟು ಬೆಳೆದ ಕೀಟಸಂತತಿ ನಮ್ಮಲ್ಲಿಲ್ಲ. ಸರ್ರಾದ ಜೀವಿಯನ್ನು ನಮ್ಮ ರಕ್ತದಲ್ಲಿರುವ ಒಂದು ಪ್ರೋಟೀನು ಕೊಂದುಹಾಕುತ್ತದೆ; 2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರೈತರೊಬ್ಬರಿಗೆ ಸರ್ರಾ ತಗುಲಿದಾಗ, ಅವರಲ್ಲಿ ಹುಟ್ಟಿನಿಂದಲೇ ಆ ಪ್ರೋಟೀನು ಕೆಲಸ ಮಾಡುತ್ತಿರಲಿಲ್ಲ ಎಂಬುದು ತಿಳಿಯಿತು, ಸುರಾಮಿನ್ ಕೊಟ್ಟು ಗುಣಪಡಿಸಿದರು. ಆದರೆ ಇಲಿಯ ಲೆವಿಸೈ ನಮ್ಮ ದೇಶದಲ್ಲೂ ಅಪರೂಪಕ್ಕೆ ಎಳೆಗೂಸುಗಳಿಗೆ ಬಂದದ್ದಿದೆ. ಆದ್ದರಿಂದ ಮಗುವಿಗಾಗಿ ಕೋತಿಯನ್ನು ಶಂಕಿಸುವ ಮುನ್ನ ಮನೆಯ ಇಲಿಗಳನ್ನು ತೊಲಗಿಸಿ. ಕೋತಿಯ ರಕ್ತ ತೆಗೆಯುವವರು ಮಾತ್ರ ಕೈಗವಸು ಹಾಕಿ, ಸೂಜಿ ಚುಚ್ಚಿಕೊಳ್ಳದಂತೆ ಎಚ್ಚರದಿಂದಿರಬೇಕು.

ಕೊನೆಗೆ, ಗಂಡು ಮಂಕಾಗಿರುವುದಕ್ಕೆ ರಕ್ತದ ಈ ಜೀವಿಯೇ ಕಾರಣ ಎಂದು ನನಗೆ ಅನ್ನಿಸುತ್ತಿಲ್ಲ. ಬಿಸಿಲು ಕಾಣದ ಕೋಣೆಯಲ್ಲಿ ಬಾಳೆಹಣ್ಣು, ಬಿಸ್ಕತ್ತು ತಿಂದು ಬೆಳೆದ ಮಾರ್ಮೊಸೆಟ್‌ಗಳಿಗೆ ಡಿ3 ಜೀವಸತ್ವ ಸಾಲದೆ ಮೂಳೆ ಮೆತ್ತಗಾಗುತ್ತದೆ. ಅವು ಮಂಕಾಗುವುದು, ಕೊಂಬೆ ಹತ್ತಲು ಹಿಂಜರಿಯುವುದು ಇದರಿಂದಲೇ ಹೆಚ್ಚು. ಮನುಷ್ಯರ ತುಟಿಯ ಹುಣ್ಣಿನ ಹರ್ಪಿಸ್ ವೈರಾಣು ಈ ಕೋತಿಗಳಿಗೆ ತಗುಲಿದರೆ ಉಳಿಯುವುದೇ ಕಷ್ಟ. ಅಂದರೆ ನಿಮ್ಮ ಮನೆಯಲ್ಲಿ ಮಗುವಿಗೆ ಕೋತಿಯಿಂದಿರುವ ಅಪಾಯಕ್ಕಿಂತ ಕೋತಿಗೆ ಮನೆಯವರಿಂದಿರುವ ಅಪಾಯ ದೊಡ್ಡದು. ಇನ್ನೊಂದು ಮಾತು: ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಾದ ತಿದ್ದುಪಡಿಯ ಪ್ರಕಾರ ಇಂಥ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು. ಕಾಗದಪತ್ರವಿಲ್ಲದ ಕೋತಿಯ ಹುಟ್ಟೂರು ಗೊತ್ತಾಗುವುದಿಲ್ಲ. ಹುಟ್ಟೂರು ಗೊತ್ತಿಲ್ಲದೆ ವೈದ್ಯರು ಮಾಡುವ ಚಿಕಿತ್ಸೆ ಅರ್ಧ ಊಹೆಯದೇ ಆಗಿರುತ್ತದೆ.

ಪ್ರಶ್ನೆ: ಪಿಸಿಆರ್‌ನಲ್ಲಿ ಪಾಸಿಟಿವ್ ಬಂದ ಪ್ರಾಣಿಯ ರಕ್ತಲೇಪದಲ್ಲಿ (ಸ್ಲೈಡಿನ ಮೇಲೆ ಬಳಿದ ರಕ್ತದಲ್ಲಿ) ಎಷ್ಟು ಹುಡುಕಿದರೂ ಏನೂ ಕಾಣುವುದಿಲ್ಲ. ತಪ್ಪು ಎಲ್ಲಾಗುತ್ತಿದೆ? ಪುಟ್ಟ ಪ್ರಾಣಿಯಿಂದ ಎಷ್ಟು ರಕ್ತ ತೆಗೆಯಬಹುದು? (ಪಶುಸಂಗೋಪನೆ ಡಿಪ್ಲೊಮಾ ವಿದ್ಯಾರ್ಥಿ, ತಿಪಟೂರು)

ಉತ್ತರ: ತಪ್ಪು ನಿಮ್ಮದಲ್ಲದಿರಬಹುದು. ಮಿನಾಸೆನ್ಸೆಯಂಥ ಜೀವಿಗಳು ರಕ್ತದಲ್ಲಿ ಎಷ್ಟು ವಿರಳವೆಂದರೆ ಒಂದು ಹನಿಯಲ್ಲಿ ಒಂದೂ ಇಲ್ಲದಿರಬಹುದು. ತೆಳುಲೇಪ ಜಾತಿ ಗುರುತಿಸಲು ಒಳ್ಳೆಯದು, ಹುಡುಕಲು ದಪ್ಪಲೇಪವೇ ಬೇಕು. ಅದಕ್ಕಿಂತ ಸುಲಭದ ಉಪಾಯವೊಂದಿದೆ. ರಕ್ತವನ್ನು ಹೆಪ್ಪುಗಟ್ಟದಂತೆ ಸಣ್ಣ ಗಾಜಿನ ಕೊಳವೆಗೆ ತುಂಬಿ, ಒಂದು ತುದಿ ಮುಚ್ಚಿ, ಸೆಂಟ್ರಿಫ್ಯೂಜ್‌ನಲ್ಲಿ ಐದು ನಿಮಿಷ ತಿರುಗಿಸಿ. ಕೆಂಪು ಕಣ ಕೆಳಗಿಳಿದು, ಪ್ಲಾಸ್ಮಾ ಮೇಲೆ ನಿಂತು, ನಡುವೆ ಬಿಳಿಕಣಗಳ ತೆಳ್ಳನೆಯ ಪದರ ಉಳಿಯುತ್ತದೆ. ಟ್ರಿಪನೊಸೋಮ್‌ಗಳೂ ಮೈಕ್ರೊಫೈಲೇರಿಯಾ ಎಂಬ, ದಾರದಂಥ ಫೈಲೇರಿಯಾ ಹುಳುಗಳ ಮರಿಗಳೂ ಬಂದು ಸೇರುವುದು ಆ ಪದರದ ಆಸುಪಾಸಿನಲ್ಲೇ. ಕೊಳವೆಯನ್ನು ಒಡೆಯದೆ ಹಾಗೆಯೇ ಸೂಕ್ಷ್ಮದರ್ಶಕದಡಿ ಮಲಗಿಸಿ ಆ ಗಡಿಯನ್ನು ನೋಡುತ್ತಾ ಕೂರಿ. ಜೀವಿ ಮೊದಲು ಕಾಣುವುದಿಲ್ಲ. ಕಣಗಳು ಅಲ್ಲಲ್ಲಿ ತಾವಾಗಿಯೇ ಅಲುಗಿದಂತೆ, ಹುಲ್ಲಿನೊಳಗೆ ಕೇರೆಹಾವು ನುಸುಳಿದಾಗ ಹುಲ್ಲಷ್ಟೇ ಆಡುವಂತೆ ಕಾಣುತ್ತದೆ. ಆ ಅಲುಗಾಟವನ್ನೇ ಹಿಂಬಾಲಿಸಿ.

ಕೆಲಸ ಕಲಿಯುವ ದಿನಗಳಲ್ಲಿ ನಾನು ಇದರ ವಿರುದ್ಧದ ತಪ್ಪು ಮಾಡಿದ್ದೆ. ಸೋಸದ ಗೀಮ್ಸಾ ಬಣ್ಣದ ಕಸವನ್ನು ಪರೋಪಜೀವಿಯೆಂದು ಭಾವಿಸಿ, ಹಿರಿಯರನ್ನು ಕರೆದು ಹೆಮ್ಮೆಯಿಂದ ತೋರಿಸಿದ್ದೆ. ಕೆಂಪುಕಣದ ಮೇಲೆ ಕುಳಿತ ಒಂದು ಪ್ಲೇಟ್ಲೆಟ್ಟು ಮಲೇರಿಯಾದ ಉಂಗುರದಂತೆ ಕಾಣುವುದೂ ಸಾಮಾನ್ಯ. ಬಣ್ಣವನ್ನು ಪ್ರತಿ ಸಲ ಸೋಸಿರಿ, ನೀರಿನ ಪಿಎಚ್ 7.2ರ ಹತ್ತಿರವಿರಲಿ.

ಮೈಕ್ರೊಫೈಲೇರಿಯಾಕ್ಕೆ ಹೊತ್ತಿನ ಲೆಕ್ಕವೂ ಮುಖ್ಯ. ಆನೆಕಾಲು ರೋಗದ ಸಮೀಕ್ಷೆಗೆ ಆರೋಗ್ಯ ಇಲಾಖೆಯವರು ರಾತ್ರಿಯೇ ಬಂದು ಬೆರಳು ಚುಚ್ಚುವುದು ಆ ಮರಿಹುಳುಗಳು ರಾತ್ರಿ ಮಾತ್ರ ಹೊರಮೈಯ ರಕ್ತಕ್ಕೆ ಬರುವುದರಿಂದ. ದಕ್ಷಿಣ ಅಮೆರಿಕದ ಪುಟ್ಟ ಕೋತಿಗಳ ಹೊಟ್ಟೆಯ ಪೊರೆಯೊಳಗೆ ಡೈಪೆಟಲೊನೀಮಾ ಎಂಬ ದಾರದಂಥ ಹುಳುಗಳಿರುತ್ತವೆ, ಅವುಗಳ ಮರಿಗಳು ರಕ್ತದಲ್ಲಿ ಸುಳಿದಾಡುತ್ತವೆ. ಕಾಡಿನಿಂದ ಹಿಡಿದು ತಂದ ಕೋತಿಗಳಲ್ಲಿ ಇದು ಬಹು ಸಾಮಾನ್ಯ. ಪಂಜರದಲ್ಲಿ ಹುಟ್ಟಿದವುಗಳಲ್ಲಿ, ಹರಡುವ ಕೀಟವೇ ಇಲ್ಲದ್ದರಿಂದ, ಇಲ್ಲವೆನ್ನಬಹುದು.

ಎಷ್ಟು ರಕ್ತ ಎಂದರೆ, 350 ಗ್ರಾಂ ತೂಕದ ಮಾರ್ಮೊಸೆಟ್‌ನ ಮೈಯಲ್ಲಿರುವುದೇ ಸುಮಾರು 25 ಮಿ.ಲೀ., ಅಂದರೆ ಐದು ಟೀ ಚಮಚ. ಅದರ ಹತ್ತನೇ ಒಂದು ಭಾಗ ಗರಿಷ್ಠ ಮಿತಿ, ಕಾಯಿಲೆಯ ಪ್ರಾಣಿಯಿಂದ ಅಷ್ಟನ್ನೂ ತೆಗೆಯಬಾರದು. ಮೇಲಿನ ಪರೀಕ್ಷೆಗಳಿಗೆಲ್ಲ ಅರ್ಧ ಮಿ.ಲೀ. ಧಾರಾಳವಾಯಿತು.

ಪ್ರಶ್ನೆ: ಅಂತರಗಂಗೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಕೋತಿಗಳು ಕೈಯಲ್ಲಿದ್ದ ತಿಂಡಿಯನ್ನು ಕಿತ್ತುಕೊಳ್ಳುತ್ತವೆ. ಕೋತಿಗಳಿಗೂ ಮಲೇರಿಯಾ ಬರುತ್ತದೆ, ಅದು ಮನುಷ್ಯರಿಗೂ ದಾಟುತ್ತದೆ ಎಂದು ಓದಿದೆ. ನಮ್ಮ ಬೆಟ್ಟದ ಕೋತಿಗಳಿಂದ ಈ ಭಯವಿದೆಯೇ? (ಶಾಲಾ ಶಿಕ್ಷಕಿ, ಕೋಲಾರ)

ಉತ್ತರ: ಮೇಡಂ, ನೀವು ಓದಿದ್ದು ನಿಜ, ಆದರೆ ಅದು ನಡೆಯುವ ಜಾಗ ಬೇರೆ. ನಮ್ಮ ಅಂತರಗಂಗೆ, ನಂದಿಬೆಟ್ಟ, ದೇವರಾಯನದುರ್ಗಗಳಲ್ಲಿರುವುದು ನೆತ್ತಿಯ ಮೇಲೆ ಟೋಪಿಯಂತೆ ಕೂದಲು ಹರಡಿದ ಬಾನೆಟ್ ಕೋತಿ. ದಕ್ಷಿಣ ಭಾರತದ ಈ ಕೋತಿಗಳಲ್ಲಿ ಪ್ಲಾಸ್ಮೋಡಿಯಂ ಸೈನೊಮೊಲ್ಗೈ, ಇನುಯೈ, ಫ್ರಜೈಲ್ ಎಂಬ ಮೂರು ಬಗೆಯ ಮಲೇರಿಯಾ ಜೀವಿಗಳು ಸಿಕ್ಕಿವೆ. ಕೋತಿಗೆ ಇವುಗಳೊಂದಿಗೆ ಹಳೆಯ ಒಡನಾಟ. ಇನುಯೈಯಂತೂ ವರ್ಷಗಟ್ಟಲೆ ರಕ್ತದಲ್ಲಿ ಅಡಗಿದ್ದು, ಹೊರಗೆ ನೋಡಿದರೆ ಆರೋಗ್ಯವಾಗಿಯೇ ಕಾಣುವ ಕೋತಿಯ ಗುಲ್ಮವನ್ನು ತೆಗೆದುಹಾಕಿದಾಗ ಮಾತ್ರ ಒಮ್ಮೆಲೇ ಉಕ್ಕಿ ಕಾಣಿಸಿಕೊಂಡದ್ದನ್ನು ಪ್ರಯೋಗಾಲಯದವರು ಬಲ್ಲರು.

ಸೊಳ್ಳೆಯ ಲೆಕ್ಕಕ್ಕೆ ಬನ್ನಿ. ಕೋತಿಯ ಮಲೇರಿಯಾವನ್ನು ಹೊರುವುದು ಒದ್ದೆ ಕಾಡಿನ ನೆರಳಿನಲ್ಲಿ ಬದುಕುವ ಕೆಲವು ಅನಾಫಿಲಿಸ್ ಜಾತಿಗಳು. ನೀಲಗಿರಿಯಲ್ಲಿ ಅನಾಫಿಲಿಸ್ ಎಲೆಗನ್ಸ್ ಎಂಬುದು ಈ ಕೆಲಸ ಮಾಡುತ್ತದೆ ಎಂದು 1960ರ ದಶಕದಲ್ಲೇ ಕಂಡುಹಿಡಿದಿದ್ದಾರೆ. ಬಂಡೆ, ಕುರುಚಲು ಗಿಡ, ಬತ್ತಿದ ಕೆರೆಗಳ ನಮ್ಮ ಬಯಲುಸೀಮೆ ಅಂಥ ಸೊಳ್ಳೆಗೆ ಹಿಡಿಸುವ ಜಾಗವಲ್ಲ. ನಮ್ಮ ಕಡೆ ಮನುಷ್ಯರ ಮಲೇರಿಯಾ ಹರಡುವ ಸೊಳ್ಳೆಗಳೇ ಬೇರೆ. ಕೋತಿ ತಿಂಡಿ ಕಿತ್ತುಕೊಂಡದ್ದರಿಂದಾಗಲಿ, ಪರಚಿದ್ದರಿಂದಾಗಲಿ ಮಲೇರಿಯಾ ಬರುವುದಿಲ್ಲ.

ಮನುಷ್ಯರಿಗೆ ದಾಟುವ ಕೋತಿ ಮಲೇರಿಯಾದ ಕಥೆ ಶುರುವಾದದ್ದು ನಮ್ಮ ದೇಶದಲ್ಲೇ. ಕಲ್ಕತ್ತೆಯ ಉಷ್ಣವಲಯದ ಕಾಯಿಲೆಗಳ ಸಂಸ್ಥೆಯಲ್ಲಿದ್ದ ರಾಬರ್ಟ್ ನೋಲ್ಸ್ ಮತ್ತು ಬಿರಜ್ ಮೋಹನ್ ದಾಸ್ ಗುಪ್ತ ಅವರು, ಸಿಂಗಪುರದಿಂದ ಬಂದಿದ್ದ ಕೋತಿಯೊಂದರಲ್ಲಿ ಸಿಕ್ಕ ಮಲೇರಿಯಾ ಜೀವಿ ಮನುಷ್ಯರ ರಕ್ತದಲ್ಲೂ ಬೆಳೆಯುತ್ತದೆ ಎಂದು 1932ರಲ್ಲಿ ತೋರಿಸಿಕೊಟ್ಟರು. ಅದೇ ವರ್ಷ ಅದಕ್ಕೆ ಪ್ಲಾಸ್ಮೋಡಿಯಂ ನೋಲ್ಸೈ ಎಂದು ಹೆಸರಾಯಿತು. ಮುಂದಿನ ಎಪ್ಪತ್ತು ವರ್ಷ ಹೆಚ್ಚಿನವರು ಇದನ್ನು ಪ್ರಯೋಗಾಲಯದ ಕುತೂಹಲವೆಂದೇ ಎಣಿಸಿದ್ದರು. 2004ರಲ್ಲಿ ಮಲೇಷ್ಯಾದ ಸರವಾಕ್‌ನಲ್ಲಿ, ಬೇರೆ ಮಲೇರಿಯಾ ಎಂದು ದಾಖಲಾಗುತ್ತಿದ್ದ ರೋಗಿಗಳಲ್ಲಿ ಬಹಳಷ್ಟು ಜನರಿಗಿದ್ದದ್ದು ಇದೇ ಎಂದು ಬೆಳಕಿಗೆ ಬಂತು. ಸೂಕ್ಷ್ಮದರ್ಶಕದಲ್ಲಿ ಅದು ಮನುಷ್ಯರ ಪ್ಲಾಸ್ಮೋಡಿಯಂ ಮಲೇರಿಯೆಯನ್ನೇ ಹೋಲುವುದರಿಂದ ಅಷ್ಟು ಕಾಲ ಕಣ್ಣು ತಪ್ಪಿಸಿಕೊಂಡಿತ್ತು. ಅದರ ಸಹಜ ಆಶ್ರಯ ಆಗ್ನೇಯ ಏಷ್ಯಾದ ಉದ್ದಬಾಲದ ಮತ್ತು ಹಂದಿಬಾಲದ ಕೋತಿಗಳು. ಕೋಲಾರದ ಬೆಟ್ಟದಲ್ಲಿ ಆ ಕೋತಿಗಳೂ ಇಲ್ಲ, ಆ ಸೊಳ್ಳೆಯೂ ಇಲ್ಲ.

ಕೋತಿಯ ಮಲೇರಿಯಾದಿಂದ ನಾವು ಪಡೆದದ್ದೇ ಹೆಚ್ಚು. ಕಚ್ಚಿದ ಸೊಳ್ಳೆಯಿಂದ ಒಳಹೋದ ಜೀವಿ ರಕ್ತದಲ್ಲಿ ಕಾಣಿಸಿಕೊಳ್ಳುವ ಮೊದಲು ಎಲ್ಲಿರುತ್ತದೆ ಎಂಬ ಒಗಟು 1948ರಲ್ಲಿ ಬಿಡಿಸಿಕೊಂಡದ್ದು ಸೈನೊಮೊಲ್ಗೈ ಸೋಂಕಿದ ಕೋತಿಯ ಯಕೃತ್ತಿನಲ್ಲಿ. ಶಾರ್ಟ್ ಮತ್ತು ಗಾರ್ನ್‌ಹಮ್ ಎಂಬ ಇಬ್ಬರು ಅದನ್ನು ಕಂಡರು. ವೈವಾಕ್ಸ್ ಮಲೇರಿಯಾ ಬಂದವರಿಗೆ ಇಂದು ಹದಿನಾಲ್ಕು ದಿನ ಪ್ರಿಮಾಕ್ವಿನ್ ನುಂಗಿಸುವುದು ಯಕೃತ್ತಿನಲ್ಲಿ ನಿದ್ದೆ ಹೋಗಿರುವ ಜೀವಿಯನ್ನು ಕೊಲ್ಲಲು.

ಮಕ್ಕಳಿಗೆ ಹೇಳಬೇಕಾದ ಎಚ್ಚರಿಕೆ ಕಡಿತದ್ದು. ಕೋತಿ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಬೇಕು.

ಪ್ರಶ್ನೆ: ಮಲೆನಾಡಿನ ಮಂಗನ ಕಾಯಿಲೆಯೂ ಇಂಥದೇ ರಕ್ತದ ಪರೋಪಜೀವಿಯೇ? (ಗೌರಿಬಿದನೂರು)

ಉತ್ತರ: ಅಲ್ಲ. ಅದು ವೈರಾಣು, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು, ಹರಡುವುದು ಉಣುಗು. ರಕ್ತಲೇಪದಲ್ಲಿ ಅದು ಕಾಣುವುದೇ ಇಲ್ಲ. ಮೇಲೆ ಹೇಳಿದ ಜೀವಿಗಳಲ್ಲಿ ಹೆಚ್ಚಿನವು ಕೋತಿಯೊಂದಿಗೆ ಹೊಂದಿಕೊಂಡು ಬದುಕುತ್ತವೆ, ಈ ವೈರಾಣು ಮುಸುವ ಮತ್ತು ಕೋತಿಗಳನ್ನು ಕೊಲ್ಲುತ್ತದೆ. ಹಾಗಾಗಿ ಮಲೆನಾಡಿನಲ್ಲಿ ಸತ್ತ ಮಂಗವೇ ಮೊದಲ ಎಚ್ಚರಿಕೆ.

ಪ್ರಶ್ನೆ: ನಮ್ಮ ತೋಟದ ಬೇಲಿಯಲ್ಲಿ ಕಾಡುಪಾಪವೊಂದು ತಂತಿಗೆ ಸಿಕ್ಕಿ ಗಾಯಗೊಂಡಿತ್ತು. ಅರಣ್ಯ ಇಲಾಖೆಗೆ ಒಪ್ಪಿಸಿದೆವು. ಗಾಯ ಮಾಗಿದ ಮೇಲೂ ರಕ್ತ ಪರೀಕ್ಷೆಯ ನೆಪದಲ್ಲಿ ಅದನ್ನು ಬಿಡದೆ ಇಟ್ಟುಕೊಂಡಿದ್ದಾರೆ. ಇದು ಬೇಕೇ? (ತುಮಕೂರು ತಾಲ್ಲೂಕಿನ ರೈತರು)

ಉತ್ತರ: ಬೇಕು, ಸ್ವಾಮಿ. ನಾಗವಲ್ಲಿಯ ಸುತ್ತಮುತ್ತ ಕಾಡುಪಾಪಗಳನ್ನು ಕಂಡು ಬೆಳೆದ ನಿಮ್ಮ ಕಡೆಯವರಿಗೆ ಅದರ ಮೇಲಿರುವ ಅಕ್ಕರೆ ನನಗೆ ಗೊತ್ತು. ಕಾಡುಪಾಪ ಕೋತಿಯಲ್ಲ, ಕೋತಿಗಳ ದೂರದ ನೆಂಟ. ತೂಕ ಕಾಲು ಕಿಲೋ ಆಸುಪಾಸು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿಯಾದ್ದರಿಂದ ಅದನ್ನು ಮನೆಯಲ್ಲಿಟ್ಟು ಆರೈಕೆ ಮಾಡುವಂತಿಲ್ಲ, ನೀವು ಮಾಡಿದ್ದು ಸರಿ. ಪರೀಕ್ಷೆ ಮಾಡುವುದು ಅದು ಬೇಲಿಯಿಂದ ಏನು ತಂದಿತು ಎಂದು ತಿಳಿಯಲಷ್ಟೇ ಅಲ್ಲ, ಪುನರ್ವಸತಿ ಕೇಂದ್ರದಿಂದ ಬೇಲಿಗೆ ಏನನ್ನು ಒಯ್ಯಬಹುದು ಎಂದು ತಿಳಿಯಲು. ನಾಯಿ, ಇಲಿ, ಬೇರೆ ಊರಿನ ಕೋತಿಗಳ ನಡುವೆ ತಿಂಗಳು ಕಳೆದ ಪ್ರಾಣಿಗೆ ಅಲ್ಲಿನ ಚಿಗಟ, ಉಣುಗುಗಳಿಂದ ಹೊಸ ಸೋಂಕು ತಗುಲಿದ್ದು, ಹಾಗೆಯೇ ಬಿಟ್ಟರೆ ನಿಮ್ಮ ಹುಣಸೆಮರಗಳಲ್ಲಿರುವ ಉಳಿದ ಕಾಡುಪಾಪಗಳಿಗೆಲ್ಲ ಅದು ಹೊಸ ರೋಗವಾದೀತು. ಆದರೆ ಪರೀಕ್ಷೆಗೆ ತಿಂಗಳುಗಟ್ಟಲೆ ಬೇಕಿಲ್ಲ. ಎರಡು ಸಲ ರಕ್ತ ನೋಡಿ, ಎರಡೂ ಸಲ ಏನೂ ಇಲ್ಲದಿದ್ದರೆ, ಸಿಕ್ಕಿದ ಬೇಲಿಯ ಹತ್ತಿರವೇ ರಾತ್ರಿ ಹೊತ್ತು ಬಿಡಬೇಕು. ವಲಯ ಅರಣ್ಯಾಧಿಕಾರಿಗಳಿಗೆ ಪತ್ರ ಬರೆದು ಎರಡನೇ ಪರೀಕ್ಷೆಯ ದಿನಾಂಕ ಕೇಳಿ, ಬಿಡುವಾಗ ಆ ಜಾಗ ತೋರಿಸಲು ನೀವೇ ಜೊತೆಗೆ ಹೋಗಿ. ಅಷ್ಟರೊಳಗೆ ಬೇಲಿಯಲ್ಲಿ ಉಳಿದ ತಂತಿಯನ್ನು ಬಿಚ್ಚಿಸಿಡಿ.